ಪದ ಪರಿಚಯ: ‘ದಟ್ ಆಫ್’, ‘ದೋಸ್ ಆಫ್’

‘ಬೆಂಗಳೂರಕಿಂತ ನಮ್ಮ ಕಲಬುರಗಿ ಬಿಸಲು ಭಾಳ ಅದ ನೋಡ್ರಿ.’ ಮೇ ತಿಂಗಳಲ್ಲಿ ಈ ಮಾತು ಬಾಯಿಗೆ ಬಾರದವರು ಕಡಿಮೆ. ಕಟ್ಟುನಿಟ್ಟಾಗಿ ನೋಡಿದರೆ ಇಲ್ಲಿ ಬಿಸಿಲನ್ನು ಊರಿನ ಜೊತೆ ಹೋಲಿಸಿದಂತಾಯಿತು. ಆದರೂ ಕೇಳಿದವರು ‘ಬೆಂಗಳೂರಿನ ಬಿಸಿಲಿಗಿಂತ’ ಎಂದೇ ತಿಳಿಯುತ್ತಾರೆ. ಆಡುಗನ್ನಡದಲ್ಲಿ ಅಷ್ಟು ಸಲಿಗೆ ಉಂಟು. ಅದನ್ನೇ ‘ದ ಹೀಟ್ ಆಫ್ ಕಲಬುರಗಿ ಈಸ್ ಗ್ರೇಟರ್ ದ್ಯಾನ್ ಬೆಂಗಳೂರು’ ಎಂದು ಇಂಗ್ಲಿಷಿನಲ್ಲಿ ಬರೆದರೆ ತಪ್ಪು. ಬಿಸಿಲಿಗೆ ಬಿಸಿಲೇ ಜೋಡಿಯಾಗಬೇಕು: ‘ದ್ಯಾನ್ ದಟ್ ಆಫ್ ಬೆಂಗಳೂರು’.

ಈ ‘ದಟ್’ ಬೆರಳು ಮಾಡಿ ತೋರಿಸುವ ‘ಆ’ ಅಲ್ಲ. ಹಿಂದೆ ಬಂದ ‘ಹೀಟ್’ ಎಂಬ ನಾಮಪದದ ಬದಲಿಗೆ ನಿಂತ ಸರ್ವನಾಮ. ಕನ್ನಡಿಗರಿಗೆ ಇದು ಹೊಸದಾಗಬೇಕಿಲ್ಲ, ಏಕೆಂದರೆ ಬರವಣಿಗೆಯ ಕನ್ನಡದಲ್ಲಿ ನಾವೂ ‘ಬೆಂಗಳೂರಿನದಕ್ಕಿಂತ’ ಎನ್ನುತ್ತೇವೆ. ಆ ಪದವನ್ನು ಬಿಡಿಸಿ ನೋಡಿ: ಬೆಂಗಳೂರು, ಇನ, ಅದು, ಕ್ಕಿಂತ. ‘ಇನ’ ಎಂದರೆ ಆಫ್, ‘ಅದು’ ಎಂದರೆ ದಟ್, ‘ಕ್ಕಿಂತ’ ಎಂದರೆ ದ್ಯಾನ್. ಹಿಂದಿನಿಂದ ಮುಂದಕ್ಕೆ ಓದಿದರೆ ಇಂಗ್ಲಿಷಿನ ಕ್ರಮ ಹಾಗೆಯೇ ಸಿಗುತ್ತದೆ. ಅನುಮಾನ ಬಂದಾಗ ಕನ್ನಡ ವಾಕ್ಯದಲ್ಲಿ ‘ಇನದಕ್ಕಿಂತ’ ಹಾಕಿ ನೋಡಿ. ಅರ್ಥ ಕೂಡಿದರೆ ಇಂಗ್ಲಿಷಿನಲ್ಲಿ ‘ದಟ್ ಆಫ್’ನಂಥದ್ದೊಂದು ಬೇಕು.

ನಾಮಪದ ಬಹುವಚನವಾದರೆ ‘ದಟ್’ ಹೋಗಿ ‘ದೋಸ್’ ಬರುತ್ತದೆ, ನಮ್ಮ ‘ಅದು’ ‘ಅವು’ ಆದ ಹಾಗೆ. ಕಲಬುರಗಿ ಗಂಜಿನ (ಸಗಟು ಮಾರುಕಟ್ಟೆಯ) ದರಗಳು ಬೀದರ ಗಂಜಿನವುಗಳಿಗಿಂತ ಹೆಚ್ಚು ಎನ್ನಬೇಕಾದರೆ ‘ದ ಪ್ರೈಸಸ್ ಇನ್ ಕಲಬುರಗಿ ಆರ್ ಹೈಯರ್ ದ್ಯಾನ್ ದೋಸ್ ಇನ್ ಬೀದರ್’. (ದರ ‘ಹೈ’ ಆಗುತ್ತದೆ, ‘ಕಾಸ್ಟ್ಲಿ’ ಆಗುವುದಿಲ್ಲ, ಕಾಸ್ಟ್ಲಿ ಆಗುವುದು ತೊಗರಿ.) ಹೆಚ್ಚಿನವರು ಎಡವುವುದು ಇಂಥಲ್ಲಿ: ‘ದ ಪ್ರೈಸ್ ಆಫ್ ಆನಿಯನ್ಸ್ ಈಸ್ ಲೋಯರ್ ದ್ಯಾನ್ ದೋಸ್ ಆಫ್ ಟೊಮ್ಯಾಟೋಸ್’. ಪಕ್ಕದಲ್ಲೇ ‘ಆನಿಯನ್ಸ್’ ಇದೆಯೆಂದು ಕೈ ತಾನಾಗಿ ‘ದೋಸ್’ ಬರೆಯುತ್ತದೆ. ಹೋಲಿಸುತ್ತಿರುವುದು ಉಳ್ಳಾಗಡ್ಡಿಯನ್ನಲ್ಲ, ಅದರ ಬೆಲೆಯನ್ನು. ಬೆಲೆ ಒಂದೇ, ಆದ್ದರಿಂದ ‘ದಟ್’. ಯಾವ ಪದದ ಬದಲಿಗೆ ಸರ್ವನಾಮ ನಿಂತಿದೆಯೋ ಆ ಪದದ ಕೆಳಗೆ ಒಂದು ಗೆರೆ ಎಳೆದು, ಆಮೇಲೆ ವಚನ ತೀರ್ಮಾನಿಸಿ.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು ‘ಮೋರ್ ಲಾರ್ಜರ್’. ಕನ್ನಡದಲ್ಲಿ ‘ದೊಡ್ಡ’ ಎಂಬ ಪದ ಹೋಲಿಕೆಗೆಂದು ರೂಪ ಬದಲಿಸುವುದಿಲ್ಲ, ‘ಇನ್ನೂ’, ‘ಹೆಚ್ಚು’ ಸೇರಿಸಿದರೆ ಸಾಕು. ಇಂಗ್ಲಿಷಿನಲ್ಲಿ ‘ಲಾರ್ಜರ್’ ಆದ ಮೇಲೆ ಹೋಲಿಕೆ ಮುಗಿಯಿತು. ‘ಮೋರ್’ ಎರಡನೇ ಸಲದ ಹೋಲಿಕೆಯಾಗುತ್ತದೆ. 2011ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯ ಜನಸಂಖ್ಯೆ ಸುಮಾರು 25.66 ಲಕ್ಷ, ಬೀದರಿನದು 17.03 ಲಕ್ಷ, ಯಾದಗಿರಿಯದು 11.74 ಲಕ್ಷ. ಬೀದರ್, ಯಾದಗಿರಿ ಎರಡನ್ನೇ ಇಟ್ಟರೆ ‘ದ ಪಾಪ್ಯುಲೇಷನ್ ಆಫ್ ಬೀದರ್ ಈಸ್ ಲಾರ್ಜರ್ ದ್ಯಾನ್ ದಟ್ ಆಫ್ ಯಾದಗಿರಿ’. ಮೂರನ್ನೂ ಇಟ್ಟರೆ ಕಲಬುರಗಿಯದು ‘ದ ಲಾರ್ಜೆಸ್ಟ್ ಆಫ್ ದ ತ್ರೀ’.

‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’ ಲ್ಯಾಟಿನ್ ಮೂಲದವು. ಅವುಗಳ ಮುಂದೆ ‘ದ್ಯಾನ್’ ಬಾರದು, ‘ಟು’ ಬರಬೇಕು.

‘ದ್ಯಾನ್’ ಮುಂದಿನ ಸರ್ವನಾಮ ಅರ್ಥವನ್ನೇ ತಿರುಗಿಸಬಲ್ಲದು. ‘ಅಕ್ಕ ನನಗಿಂತ ಹೆಚ್ಚು ತಮ್ಮನನ್ನು ಪ್ರೀತಿಸುತ್ತಾಳೆ’ ಎಂಬ ವಾಕ್ಯಕ್ಕೆ ಎರಡು ಅರ್ಥ ಹೊಂದುತ್ತವೆ. ನಾನು ತಮ್ಮನನ್ನು ಪ್ರೀತಿಸುವುದಕ್ಕಿಂತ ಹೆಚ್ಚು ಎಂದಾದರೆ ‘ದ್ಯಾನ್ ಐ ಡೂ’. ಅಕ್ಕನಿಗೆ ನನ್ನ ಮೇಲಿರುವುದಕ್ಕಿಂತ ಹೆಚ್ಚು ಪ್ರೀತಿ ತಮ್ಮನ ಮೇಲೆ ಎಂದಾದರೆ ‘ದ್ಯಾನ್ ಮಿ’. ‘ಡೂ’ ಬಿಡಬೇಡಿ, ಓದುವವರಿಗೆ ಗೊಂದಲ ಉಳಿಯದು.

ಇನ್ನು ವಚನದ ಮಾತು. ‘ಪ್ರತಿಯೊಬ್ಬರೂ ತಮ್ಮ ಪುಸ್ತಕ ತಂದಿದ್ದಾರೆ’ ಎನ್ನುವಾಗ ನಾವು ಒಬ್ಬೊಬ್ಬರನ್ನು ಎಣಿಸಿಯೂ ಕ್ರಿಯಾಪದವನ್ನು ಬಹುವಚನದಲ್ಲಿಡುತ್ತೇವೆ. ಇಂಗ್ಲಿಷಿನ ‘ಎವ್ರಿಒನ್’ಗೆ ‘ಹ್ಯಾವ್’ ಸಲ್ಲದು, ‘ಹ್ಯಾಸ್’ ಮಾತ್ರ. ‘ತಮ್ಮ’ ಎಂಬಲ್ಲಿ ‘ದೇರ್’ ಇಂದು ಎಲ್ಲೆಡೆ ನಡೆಯುತ್ತದೆ, ಹಳೆಯ ವ್ಯಾಕರಣ ಪುಸ್ತಕಗಳು ಮಾತ್ರ ‘ಹಿಸ್ ಆರ್ ಹರ್’ ಎನ್ನುತ್ತವೆ. ಹೆಣ್ಣುಮಕ್ಕಳೇ ಇರುವ ತರಗತಿಯಾದರೆ ‘ಈಚ್ ಆಫ್ ದ ಗರ್ಲ್ಸ್ ಹ್ಯಾಸ್ ಬ್ರಾಟ್ ಹರ್ ಬುಕ್’.

ನಮ್ಮ ಕಡೆ ‘ಅಪ್ಪಾ ಬಂದಾರ’ ಎನ್ನುವ ಮರ್ಯಾದೆಯೂ ಇಂಗ್ಲಿಷಿಗೆ ನುಸುಳಿ ‘ಮೈ ಫಾದರ್ ಹ್ಯಾವ್ ಕಮ್, ದೇ ಆರ್ ಟೈರ್ಡ್’ ಆಗುತ್ತದೆ. ಅಲ್ಲಿ ಅಪ್ಪನಿಗೆ ‘ಹ್ಯಾಸ್’, ‘ಹಿ’ ಎಂದರೆ ಗೌರವ ಕಡಿಮೆ ಆಗುವುದಿಲ್ಲ.