ಗಾಂಜಾ ತೆರಿಗೆ: ಕ್ಯಾಲಿಫೋರ್ನಿಯಾದ ಮತದಾರರು 'ಹೌದು' ಅಂದಿದ್ದು ಯಾವುದಕ್ಕೆ?

ಕ್ಯಾಲಿಫೋರ್ನಿಯಾದಲ್ಲಿ ಚುನಾವಣೆ ಬಂದರೆ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ದೊಡ್ಡ ಹುದ್ದೆಗಳ ಹೆಸರುಗಳು ಮುಗಿದ ಮೇಲೆ, ಕೊನೆಯಲ್ಲಿ ಊರಿನ ಪ್ರಶ್ನೆಗಳು ಇರುತ್ತವೆ. ಗಾಂಜಾ ವ್ಯಾಪಾರಕ್ಕೆ ಇಂತಿಷ್ಟರವರೆಗೆ ತೆರಿಗೆ ಹಾಕಬಹುದೇ ಅನ್ನೋದು ಅಲ್ಲಿ ಹದಿನೈದು ವರ್ಷದಿಂದ ಬರುತ್ತಲೇ ಇದೆ. ಅಲ್ಲಿ ನೆಲೆಸಿ ನಾಗರಿಕರಾದ ನಮ್ಮವರೂ ಇದಕ್ಕೆ ಟಿಕ್ ಹಾಕುತ್ತಾರೆ. ಹೆಚ್ಚಿನವರು 'ಹೌದು' ಅನ್ನುತ್ತಾರೆ, ಯಾಕೆಂದರೆ ತೆರಿಗೆ ಕಟ್ಟುವುದು ಬೇರೆಯವರು. ಆದರೆ ಆ ಒಂದು ಟಿಕ್‌ನ ಹಿಂದೆ ತುಂಬಾ ಗೋಜಲು ಇದೆ.

ಮೊದಲು, ತೆರಿಗೆಗೆ ಮತದಾನ ಯಾಕೆ? ಇಡೀ ರಾಜ್ಯದ ಮತದಾರರು ತೀರ್ಮಾನಿಸುವ ಪ್ರಸ್ತಾಪಕ್ಕೆ ಅಲ್ಲಿ 'ಪ್ರಾಪ್' ಅನ್ನುತ್ತಾರೆ. 1978ರ ಪ್ರಾಪ್ 13 ಸ್ಥಳೀಯ ತೆರಿಗೆಗೆ ಕಡಿವಾಣ ಹಾಕಿತು. 1996ರ ಪ್ರಾಪ್ 218 ಅದನ್ನು ಇನ್ನೂ ಬಿಗಿ ಮಾಡಿತು: ಊರಿನ ಯಾವ ಹೊಸ ತೆರಿಗೆಗೂ ಜನರ ಒಪ್ಪಿಗೆ ಬೇಕು. ಔಷಧಿಯಾಗಿ ಗಾಂಜಾ ಬಳಸಲು ಅವಕಾಶ ಕೊಟ್ಟ ಪ್ರಾಪ್ 215 ಕೂಡ ಅದೇ ನವೆಂಬರ್‌ನ ಅದೇ ಮತಪತ್ರದಲ್ಲಿತ್ತು. ಹೊಸ ವ್ಯಾಪಾರಕ್ಕೆ ದಾರಿ ತೆರೆದದ್ದೂ, ಅದಕ್ಕೆ ತೆರಿಗೆ ಹಾಕಲು ಜನರ ಮುಂದೆ ಬರಲೇಬೇಕು ಅಂತ ಮಾಡಿದ್ದೂ ಒಂದೇ ದಿನ.

ಇಲ್ಲೊಂದು ಸೂಕ್ಷ್ಮ ಇದೆ. ತೆರಿಗೆ ಹಣವನ್ನು ಒಂದೇ ಕೆಲಸಕ್ಕೆ ಮೀಸಲಿಡುತ್ತೇವೆ ಅಂತ ಸಿಟಿ ಕೌನ್ಸಿಲ್ ಮಾತು ಕೊಟ್ಟರೆ, ಮೂರರಲ್ಲಿ ಎರಡು ಪಾಲು ಮತ ಬೇಕು. ಊರಿನ ಸಾಮಾನ್ಯ ಖಜಾನೆಗೆ ಅಂದರೆ ಅರ್ಧಕ್ಕಿಂತ ಜಾಸ್ತಿ ಬಂದರೆ ಸಾಕು. ಹಾಗಾಗಿ ಹೆಚ್ಚಿನ ಊರುಗಳು ಎರಡನೇ ದಾರಿಯನ್ನೇ ಹಿಡಿದವು. ಪೊಲೀಸ್, ಅಗ್ನಿಶಾಮಕ, ರಸ್ತೆ, ಪಾರ್ಕ್ ಅಂತೆಲ್ಲ ಪ್ರಶ್ನೆಯಲ್ಲಿ ಬರೆದಿರುತ್ತದೆ. ಅಲ್ಲಿಗೇ ಖರ್ಚು ಮಾಡಬೇಕೆಂಬ ಕಟ್ಟುಪಾಡು ಮಾತ್ರ ಇರುವುದಿಲ್ಲ. ಇದು ಮತದಾರರಿಗೆ ಸ್ಪಷ್ಟವಾಗಿ ಗೊತ್ತಾಗಬೇಕಿತ್ತು.

ಕಥೆ ನಿಜವಾಗಿ ಶುರುವಾಗಿದ್ದು ಓಕ್ಲೆಂಡ್‌ನಲ್ಲಿ, 2009ರ ಜುಲೈನಲ್ಲಿ. ಆರ್ಥಿಕ ಕುಸಿತದಿಂದ ಖಜಾನೆ ಖಾಲಿಯಾಗಿತ್ತು. ಊರಿನಲ್ಲಿ ಪರವಾನಗಿ ಇದ್ದ ಗಾಂಜಾ ಡಿಸ್ಪೆನ್ಸರಿಗಳು, ಅಂದರೆ ಔಷಧಿ ಗಾಂಜಾ ಮಾರುವ ಅಂಗಡಿಗಳು, ನಾಲ್ಕೇ ನಾಲ್ಕು. ಅವು ಉಳಿದ ಅಂಗಡಿಗಳ ಹಾಗೆಯೇ ಸಾವಿರ ಡಾಲರ್ ವಹಿವಾಟಿಗೆ 1.20 ಡಾಲರ್ ಕಟ್ಟುತ್ತಿದ್ದವು. ಊರಿನ ಮತದಾರರ ಮುಂದಿಟ್ಟ ಪ್ರಸ್ತಾಪ ಮೆಷರ್ ಎಫ್ ಅದನ್ನು 18 ಡಾಲರ್‌ಗೆ ಏರಿಸಿತು. ಅಮೆರಿಕದಲ್ಲಿ ಗಾಂಜಾ ಅಂಗಡಿಗೆಂದೇ ಒಂದು ಊರು ತೆರಿಗೆ ತಂದದ್ದು ಅದೇ ಮೊದಲು. ಸುಮಾರು ಶೇ. 80 ಜನ ಒಪ್ಪಿದರು.

ಈ ತೆರಿಗೆ ಬೇಕು ಅಂತ ಕೇಳಿದವರಲ್ಲಿ ಡಿಸ್ಪೆನ್ಸರಿಯವರೂ ಇದ್ದರು. ತಮ್ಮ ತೆರಿಗೆ ಏರಿಸಿ ಅಂತ ಯಾವ ವ್ಯಾಪಾರಿ ಕೇಳುತ್ತಾನೆ? ಅವರ ಲೆಕ್ಕ ಬೇರೆ ಇತ್ತು. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನಿನ ಕಣ್ಣಲ್ಲಿ ಅವರು ಅಪರಾಧಿಗಳು, ಯಾವ ದಿನ ದಾಳಿ ಆಗುತ್ತೋ ಗೊತ್ತಿಲ್ಲ. ತೆರಿಗೆ ಕಟ್ಟಿದ ರಸೀದಿ ಕೈಯಲ್ಲಿದ್ದರೆ ಊರು ತಮ್ಮ ಪರ ನಿಲ್ಲುತ್ತದೆ ಅನ್ನೋ ನಂಬಿಕೆ. ಮರ್ಯಾದೆಗಾಗಿ ಹಣ ತೆತ್ತರು. ಅದು ಅವರ ದೃಷ್ಟಿಯಲ್ಲಿ ನ್ಯಾಯವಾದ ಬೆಲೆಯೇ ಆಗಿತ್ತು.

ಆದರೆ ಹದಿನಾರು ತಿಂಗಳಲ್ಲಿ ದರ ಮತ್ತೆ ಏರಿತು. 2010ರ ನವೆಂಬರ್‌ನಲ್ಲಿ ಓಕ್ಲೆಂಡ್‌ನ ಮೆಷರ್ ವಿ ಔಷಧಿ ಗಾಂಜಾಕ್ಕೆ ಶೇ. 5, ಉಳಿದದ್ದಕ್ಕೆ ಶೇ. 10 ಅಂತ ನಿಗದಿ ಮಾಡಿತು. ಅದೇ ದಿನ ಗಾಂಜಾವನ್ನು ಎಲ್ಲರಿಗೂ ಕಾನೂನುಬದ್ಧ ಮಾಡುವ ಪ್ರಾಪ್ 19 ರಾಜ್ಯದಲ್ಲಿ ಸೋತಿತು. ಅಂದರೆ, ಇನ್ನೂ ಹುಟ್ಟದ ವ್ಯಾಪಾರಕ್ಕೆ ತೆರಿಗೆ ತಯಾರಾಗಿತ್ತು! ಸ್ಯಾನ್ ಹೋಸೆಯ ಮತದಾರರೂ ಅಂದೇ ಮೆಷರ್ ಯು ಮೂಲಕ ಶೇ. 10ರವರೆಗೆ ಒಪ್ಪಿದರು. ಸ್ಯಾಕ್ರಮೆಂಟೊ, ಬರ್ಕ್ಲಿಯಲ್ಲೂ ಇದೇ ಆಯಿತು. ಇಲ್ಲಿಂದ ತೆರಿಗೆಯ ಉದ್ದೇಶ ಮರ್ಯಾದೆಯಿಂದ ಆದಾಯಕ್ಕೆ ಹೊರಳಿತು ಅಂತ ನನಗನಿಸುತ್ತದೆ.

ಈ ತೆರಿಗೆ ಲಾಭದ ಮೇಲಲ್ಲ, ಒಟ್ಟು ಮಾರಾಟದ ಮೇಲೆ. ನಷ್ಟವಾದರೂ ಕಟ್ಟಬೇಕು. ಜೊತೆಗೆ ಫೆಡರಲ್ ತೆರಿಗೆ ಕಾನೂನಿನ 280ಇ ಅನ್ನೋ ಕಲಮು ಇದೆ, 1982ರದ್ದು. ಮಾದಕ ವಸ್ತು ಮಾರಿ ಸಿಕ್ಕಿಬಿದ್ದ ಒಬ್ಬ, ಕೋರ್ಟಿನಲ್ಲಿ ತನ್ನ ಖರ್ಚುಗಳನ್ನು ಆದಾಯದಿಂದ ಕಳೆದುಕೊಳ್ಳುವುದರಲ್ಲಿ ಗೆದ್ದಿದ್ದ. ಆಮೇಲೆ ಬಂದ ಕಾನೂನು ಇದು. ಇದರಿಂದ ಗಾಂಜಾ ಅಂಗಡಿ ಸರಕಿನ ಬೆಲೆ ಬಿಟ್ಟು ಬಾಡಿಗೆ, ಸಂಬಳ ಯಾವುದನ್ನೂ ಕಳೆಯುವಂತಿಲ್ಲ.

2016ರಲ್ಲಿ ವಯಸ್ಕರೆಲ್ಲರಿಗೂ ಗಾಂಜಾವನ್ನು ಕಾನೂನುಬದ್ಧ ಮಾಡುವ ಪ್ರಾಪ್ 64 ಗೆದ್ದಿತು. 2018ರ ಜನವರಿ 1ರಿಂದ ರಾಜ್ಯದ ಶೇ. 15 ಅಬಕಾರಿ ತೆರಿಗೆ ಬಂತು. ಬೆಳೆಗಾರರಿಗೆ ಒಣ ಹೂವಿನ ಔನ್ಸಿಗೆ 9.25 ಡಾಲರ್ ಬೇರೆ. ಇವೆಲ್ಲ ಒಂದರ ಮೇಲೊಂದು ಕೂರುತ್ತವೆ. 2023ರ ನಂತರದ ಒಂದು ಉದಾಹರಣೆ ನೋಡಿ. ಸರಕಿನ ಬೆಲೆ 100 ಡಾಲರ್. ಊರಿನ ಶೇ. 5 ತೆರಿಗೆಯನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿದರೆ 105. ಅಬಕಾರಿ ತೆರಿಗೆ ಈ 105ರ ಮೇಲೆ ಬೀಳುತ್ತದೆ: 120.75. ಅದರ ಮೇಲೆ ಸುಮಾರು ಶೇ. 10 ಮಾರಾಟ ತೆರಿಗೆ. ಗಿರಾಕಿ ಕೊಡುವುದು 132 ಡಾಲರ್‌ಗೂ ಜಾಸ್ತಿ. ತೆರಿಗೆ ಕಟ್ಟದೆ ಕದ್ದು ಮಾರುವವನ ಬಳಿ ಈ ಯಾವುದೂ ಇಲ್ಲ.

ತೀರಾ ಬೇಸರ ತರಿಸುವುದು ಹಂಬೋಲ್ಟ್ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಕಥೆ. ರೆಡ್‌ವುಡ್ ಕಾಡಿನ ಈ ಉತ್ತರದ ಸೀಮೆಯಲ್ಲಿ ದಶಕಗಳಿಂದ ಗಾಂಜಾ ಬೆಳೆಯುತ್ತಾರೆ. ಹೆಲಿಕಾಪ್ಟರ್ ದಾಳಿಗಳನ್ನೂ ಕಂಡ ಜನ. 2016ರಲ್ಲಿ ಅಲ್ಲಿನ ಮತದಾರರು ಮೆಷರ್ ಎಸ್ ಒಪ್ಪಿದರು. ಅದರ ತೆರಿಗೆ ಮಾರಾಟದ ಮೇಲಲ್ಲ, ಬೆಳೆಯುವ ಜಾಗದ ಮೇಲೆ: ಬಯಲಿನಲ್ಲಾದರೆ ಚದರಡಿಗೆ 1 ಡಾಲರ್, ಒಳಾಂಗಣದಲ್ಲಾದರೆ 3. ಹತ್ತು ಸಾವಿರ ಚದರಡಿ ಬಯಲಿಗೆ ವರ್ಷಕ್ಕೆ 10,000 ಡಾಲರ್, ಬೆಳೆ ಮಾರಿದರೂ ಅಷ್ಟೇ, ಕೊಳೆತರೂ ಅಷ್ಟೇ. 2021ರಲ್ಲಿ ಬೆಲೆ ನೆಲ ಕಚ್ಚಿತು. ರಾಜ್ಯದ ಬೆಳೆ ತೆರಿಗೆ ಮಾತ್ರ ಹಣದುಬ್ಬರದ ಲೆಕ್ಕದಲ್ಲಿ 2022ರ ಜನವರಿಗೆ ಔನ್ಸಿಗೆ 10.08 ಡಾಲರ್‌ಗೆ ಏರಿತು. ಪೌಂಡಿಗೆ ಸುಮಾರು 161 ಡಾಲರ್. ಮುಚ್ಚುಮರೆ ಬಿಟ್ಟು ಕಾನೂನಿನೊಳಗೆ ಬಂದ ಸಣ್ಣ ರೈತರಿಗೇ ಈ ಪೆಟ್ಟು ಬಿತ್ತು ಅನ್ನೋದು ಮರೆಯುವಂಥದ್ದಲ್ಲ.

ಆಮೇಲೆ ಎಲ್ಲರೂ ಹಿಂದೆ ಸರಿಯತೊಡಗಿದರು. ಕೌಂಟಿ 2022ರಲ್ಲಿ ಮೆಷರ್ ಎಸ್ ತೆರಿಗೆಯನ್ನು ಶೇ. 85 ಇಳಿಸಿತು. ಅದೇ ವರ್ಷದ ಜುಲೈನಲ್ಲಿ ರಾಜ್ಯದ ಬೆಳೆ ತೆರಿಗೆ ರದ್ದಾಯಿತು. ಓಕ್ಲೆಂಡ್ ಮತದಾರರು 2018ರಲ್ಲೇ ಕೌನ್ಸಿಲ್‌ಗೆ ದರ ಇಳಿಸುವ ಅಧಿಕಾರ ಕೊಟ್ಟಿದ್ದರು. ಸ್ಯಾನ್ ಫ್ರಾನ್ಸಿಸ್ಕೊ 2018ರಲ್ಲಿ ಒಪ್ಪಿಸಿಕೊಂಡ ತೆರಿಗೆಯನ್ನು ಜಾರಿ ಮಾಡದೆ ಮುಂದೂಡುತ್ತಲೇ ಬಂತು.

2025ರ ಜುಲೈನಲ್ಲಿ ರಾಜ್ಯದ ಅಬಕಾರಿ ತೆರಿಗೆ ಶೇ. 19ಕ್ಕೆ ಏರಿ, ಅಕ್ಟೋಬರ್‌ನಲ್ಲಿ ಮತ್ತೆ ಶೇ. 15ಕ್ಕೆ ಇಳಿಯಿತು. ಊರಿನ ತೆರಿಗೆಗಳು ಇದರಿಂದ ಬದಲಾಗುವುದಿಲ್ಲ. ಪ್ರತಿ ಊರೂ ತನ್ನದನ್ನು ತಾನೇ ತೀರ್ಮಾನಿಸಬೇಕು. ಮುಂದಿನ ಸಲ ಇಂಥ ಪ್ರಶ್ನೆ ನಿಮ್ಮ ಮತಪತ್ರದಲ್ಲಿ ಬಂದರೆ ಮೂರು ವಿಷಯ ನೋಡಿ: ತೆರಿಗೆ ಮಾರಾಟದ ಮೇಲೋ ಜಾಗದ ಮೇಲೋ, 'ಇಷ್ಟರವರೆಗೆ' ಅಂತ ಬರೆದ ಮಿತಿ ಎಷ್ಟು, ಮತ್ತು ಮತ್ತೆ ಚುನಾವಣೆ ಇಲ್ಲದೆ ದರ ಇಳಿಸಲು ಕೌನ್ಸಿಲ್‌ಗೆ ಅಧಿಕಾರ ಇದೆಯೋ ಇಲ್ಲವೋ.