ಬಾಡಿಗೆಗೆ ಸಿಗುವ ಗುಡ್ಡ

ಅಮೆರಿಕನ್ ಫುಟ್‌ಬಾಲ್ ನೋಡಲು ಶುರು ಮಾಡಿದ ಹೊಸದರಲ್ಲಿ ಎಲ್ಲರ ಹಾಗೆ ನನ್ನ ಕಣ್ಣೂ ಚೆಂಡಿನ ಹಿಂದೆಯೇ ಓಡುತ್ತಿತ್ತು. ಚೆಂಡು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕೈಗೆ ಬಂತು, ಯಾರೋ ಹಿಡಿದು ಓಡಿದ, ಯಾರೋ ಕೆಡವಿದ. ನಡುವೆ ಒಂದಷ್ಟು ದಢೂತಿ ಜನ ಒಬ್ಬರನ್ನೊಬ್ಬರು ನೂಕುತ್ತಾ ಏನೋ ಮಾಡುತ್ತಿದ್ದರು. ಜಾತ್ರೆಯ ನೂಕುನುಗ್ಗಲು ಅಂದುಕೊಂಡಿದ್ದೆ. ಒಂದು ದಿನ ಸುಮ್ನೆ ಹಳೆಯ ಪಂದ್ಯದ ವಿಡಿಯೊ ನಿಧಾನಕ್ಕೆ ಓಡಿಸಿ, ನಟ್ಟನಡುವೆ ನಿಂತವನನ್ನು ಮಾತ್ರ ನೋಡಿದೆ. ಇಬ್ಬರು ಸೇರಿ ಅವನನ್ನು ನೂಕುತ್ತಿದ್ದರು. ಅವನು ನಿಂತಲ್ಲಿಂದ ಅಲುಗಲಿಲ್ಲ. ಐದು ಸೆಕೆಂಡಿಗೆ ಆ ಒಂದು ಸುತ್ತಿನ ಆಟ ಮುಗಿಯಿತು. ಅಂಕಿಅಂಶದ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ. ಅಲುಗದೆ ನಿಲ್ಲುವುದೇ ಅವನ ಕೆಲಸ ಎಂದು ಗೊತ್ತಾಗಲು ಇನ್ನೂ ನಾಲ್ಕೈದು ಸಲ ನೋಡಬೇಕಾಯಿತು.

ಅವನ ಹೆಸರು ಟೆಡ್ ವಾಷಿಂಗ್ಟನ್. ಆರಡಿ ಐದಂಗುಲ ಎತ್ತರ. ತಂಡದ ಪಟ್ಟಿಯಲ್ಲಿ ಕೊಟ್ಟಿರುವ ತೂಕ 365 ಪೌಂಡ್, ಅಂದರೆ ಸುಮಾರು 165 ಕೆಜಿ. ಬಿಎಂಐ ಲೆಕ್ಕ ಹಾಕಿದರೆ 43. ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ತೂಕ ಇಳಿಸಿ ಅನ್ನುತ್ತಾರೆ. ಆದರೆ 1991ರಿಂದ 2007ರವರೆಗೆ, 17 ಸೀಸನ್, ಏಳು ತಂಡಗಳು ಇದೇ ಮೈಗೆ ಸಂಬಳ ಕೊಟ್ಟವು. ಅಭಿಮಾನಿಗಳು ಅವನನ್ನು ಮೌಂಟ್ ವಾಷಿಂಗ್ಟನ್ ಎಂದು ಕರೆದರು. ಅಮೆರಿಕದ ಈಶಾನ್ಯ ಮೂಲೆಯ ಅತಿ ಎತ್ತರದ ಬೆಟ್ಟದ ಹೆಸರು ಅದು.

ಅವನು ನಿಲ್ಲುತ್ತಿದ್ದ ಜಾಗಕ್ಕೆ ನೋಸ್ ಟ್ಯಾಕಲ್ ಎನ್ನುತ್ತಾರೆ. ಎದುರಾಳಿ ತಂಡದ ಸೆಂಟರ್, ಅಂದರೆ ಚೆಂಡನ್ನು ಹಿಂದಕ್ಕೆ ಕ್ವಾರ್ಟರ್‌ಬ್ಯಾಕ್‌ಗೆ ಕೊಟ್ಟು ಆಟ ಶುರು ಮಾಡುವವನು, ಚೆಂಡಿನ ಮೇಲೆ ಕೈಯಿಟ್ಟು ಬಗ್ಗಿರುತ್ತಾನೆ. ನೋಸ್ ಟ್ಯಾಕಲ್ ಅವನ ಎದುರಿಗೇ, ನೆಲಕ್ಕೆ ಕೈಯೂರಿ ಕಾಯುತ್ತಾನೆ. ಇಬ್ಬರ ನಡುವೆ ಇರಲೇಬೇಕಾದ ಅಂತರ ಚೆಂಡಿನ ಉದ್ದದಷ್ಟು, ಸುಮಾರು 28 ಸೆಂಟಿಮೀಟರ್. ಚೆಂಡು ಯಾವಾಗ ಮೇಲೇಳುತ್ತದೆ ಎಂದು ಸೆಂಟರ್‌ಗೆ ಮೊದಲೇ ಗೊತ್ತು. ನೋಸ್ ಟ್ಯಾಕಲ್‌ಗೆ ಗೊತ್ತಿಲ್ಲ. ಕ್ವಾರ್ಟರ್‌ಬ್ಯಾಕ್ ಕೂಗುವುದನ್ನು ನಂಬುವ ಹಾಗಿಲ್ಲ, ಅವನು ಬೇಕಂತಲೇ ದಾರಿ ತಪ್ಪಿಸುತ್ತಾನೆ. ಹಾಗಾಗಿ ಕಣ್ಣು ಚೆಂಡಿನ ಮೇಲೆ. ಕಣ್ಣು ಕಂಡದ್ದು ಮಿದುಳಿಗೆ ತಲುಪಿ, ಅಲ್ಲಿಂದ ಕಾಲಿಗೆ ಅಪ್ಪಣೆ ಬರಲು ಸುಮಾರು 0.2 ಸೆಕೆಂಡ್ ಬೇಕು. ಪ್ರತಿ ಸಲವೂ ಅವನು ಅಷ್ಟು ತಡವಾಗಿಯೇ ಶುರು ಮಾಡುತ್ತಾನೆ. ಆ ಸಾಲವನ್ನು ಅವನು ತೀರಿಸುವುದು ತೂಕದಿಂದ.

ಬರೀ ತೂಕ ಇದ್ದರೆ ಸಾಲದು ಅನ್ನಿ. ನೂಕಾಟದಲ್ಲಿ ಗೆಲ್ಲುವುದು ನೆಲದ ಹಿಡಿತ. ಬೂಟಿನ ಅಡಿಯ ಮೊಳೆಗಳು ನೆಲವನ್ನು ಎಷ್ಟು ಕಚ್ಚುತ್ತವೋ ಅಷ್ಟೇ ಬಲವನ್ನು ಎದುರಿನವನ ಮೇಲೆ ಹಾಕಲು ಸಾಧ್ಯ. ನೆಲದ ಮೇಲೆ ಬೀಳುವ ಭಾರ ಜಾಸ್ತಿಯಾದಷ್ಟೂ ಹಿಡಿತ ಜಾಸ್ತಿ. ಈಗ ನೀವು ಎದುರಿನವನಿಗಿಂತ ತಗ್ಗಿನಲ್ಲಿ ಬಗ್ಗಿ, ಅವನ ಎದೆಯ ಕೆಳಗೆ ಕೈಕೊಟ್ಟು, ಮುಂದಕ್ಕೂ ಮೇಲಕ್ಕೂ ನೂಕಿದಿರಿ ಎಂದುಕೊಳ್ಳಿ. ಅವನ ತೂಕದ ಒಂದಷ್ಟು ಪಾಲು ನಿಮ್ಮ ಕೈಮೇಲೆ ಬರುತ್ತದೆ. ಅಷ್ಟರಮಟ್ಟಿಗೆ ಅವನ ಬೂಟು ನೆಲವನ್ನು ಬಿಡುತ್ತದೆ. ನಿಮ್ಮ ಬೂಟು ನೆಲಕ್ಕೆ ಇನ್ನಷ್ಟು ಒತ್ತುತ್ತದೆ. ಅಂದರೆ ಅವನ ಹಿಡಿತ ಕಿತ್ತು ನಿಮಗೆ ಹಾಕಿಕೊಂಡಂತೆ. ತಗ್ಗಿದವನೇ ಗೆಲ್ಲುತ್ತಾನೆ ಎಂದು ಕೋಚ್‌ಗಳು ಗಂಟಲು ಹರಿಯುವಂತೆ ಕೂಗುವುದು ಇದಕ್ಕೇ. ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆರಡಿ ಐದಂಗುಲದ ಮನುಷ್ಯ ಮಂಡಿ, ಸೊಂಟ ಮಡಚಿ ತನಗಿಂತ ಗಿಡ್ಡನ ಕೆಳಗೆ ನುಗ್ಗುವುದಿದೆಯಲ್ಲ, ಅದು ಮೈಗೆ ಸುಲಭವಾಗಿ ಒಗ್ಗುವ ಕೆಲಸ ಅಲ್ಲ. ಮಂಡಿಗಂತೂ ಅಲ್ಲವೇ ಅಲ್ಲ.

ಅವನು ಹೀಗೆ ನಿಂತರೆ ಲಾಭ ಯಾರಿಗೆ? ಹಿಂದೆ ನಾಲ್ಕೈದು ಗಜ ದೂರದಲ್ಲಿ ನಿಂತಿರುವ ಲೈನ್‌ಬ್ಯಾಕರ್‌ಗೆ. ಎದುರಾಳಿಯ ಇಬ್ಬರು ಈ ಗುಡ್ಡಕ್ಕೆ ಸಿಕ್ಕಿಕೊಂಡರೆ ಲೈನ್‌ಬ್ಯಾಕರ್‌ನನ್ನು ತಡೆಯಲು ಒಬ್ಬ ಕಡಿಮೆ. ಅವನು ಆರಾಮಾಗಿ ಓಡಿ ಹೋಗಿ ಚೆಂಡಿನವನನ್ನು ಕೆಡವುತ್ತಾನೆ, ಕ್ಯಾಮೆರಾ ಅವನ ಕಡೆ ತಿರುಗುತ್ತದೆ. 2001ರಲ್ಲಿ ಷಿಕಾಗೊ ಬೇರ್ಸ್ ತಂಡ ವಾಷಿಂಗ್ಟನ್‌ನನ್ನು ತಂದು, ಅವನ ಪಕ್ಕದಲ್ಲಿ ಕೀತ್ ಟ್ರೇಲರ್ ಎಂಬ ಇನ್ನೊಬ್ಬ ದೈತ್ಯನನ್ನು ನಿಲ್ಲಿಸಿತು. ಇಬ್ಬರ ಹಿಂದೆ ಬ್ರಯನ್ ಅರ್ಲಾಕರ್. ಆ ವರ್ಷ ಬೇರ್ಸ್ 16 ಪಂದ್ಯಗಳಲ್ಲಿ 13 ಗೆದ್ದರು, ಎನ್‌ಎಫ್‌ಎಲ್ ಎಂಬ ಆ ಇಡೀ ವೃತ್ತಿಪರ ಲೀಗ್‌ನಲ್ಲಿ ಅತಿ ಕಡಿಮೆ ಪಾಯಿಂಟ್ ಬಿಟ್ಟುಕೊಟ್ಟರು. ಮಕ್ಕಳು ಅರ್ಲಾಕರ್ ಜೆರ್ಸಿ ಕೊಂಡರು.

ಇಂಥವನು ಯಾಕೆ ಊರೂರು ಅಲೆಯುತ್ತಾನೆ? ನನಗೆ ಕಾಣುವಂತೆ ಕಾರಣ ಸರಳ. ಕ್ವಾರ್ಟರ್‌ಬ್ಯಾಕ್ ಒಂದು ತಂಡದ ಆಟದ ಪುಸ್ತಕ ಅರಗಿಸಿಕೊಳ್ಳಲು ವರ್ಷಗಟ್ಟಲೆ ಬೇಕು, ಅವನನ್ನು ಕಿತ್ತು ಇನ್ನೊಂದು ಕಡೆ ನೆಟ್ಟರೆ ಚಿಗುರಲು ಹೊತ್ತು ಹಿಡಿಯುತ್ತದೆ. ಗುಡ್ಡವನ್ನು ಎಲ್ಲಿಟ್ಟರೂ ಗುಡ್ಡವೇ. ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಸ್ಯಾನ್ ಫ್ರಾನ್ಸಿಸ್ಕೊ ಅವನನ್ನು ಆರಿಸಿಕೊಂಡಿತು. ಆಮೇಲೆ ಡೆನ್ವರ್‌ನಲ್ಲಿ ಒಂದು ವರ್ಷ, ಬಫಲೊದಲ್ಲಿ ಆರು, ಷಿಕಾಗೊದಲ್ಲಿ ಎರಡು. 2003ರ ಆಗಸ್ಟಿನಲ್ಲಿ, ಸೀಸನ್ ಶುರುವಾಗುವ ಹೊತ್ತಿಗೆ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡಕ್ಕೆ ನಡುವಿನಲ್ಲಿ ಒಬ್ಬ ಬೇಕಾಗಿತ್ತು. ಡ್ರಾಫ್ಟ್‌ನ ನಾಲ್ಕನೇ ಸುತ್ತಿನ ಒಂದು ಆಯ್ಕೆಯನ್ನು ಷಿಕಾಗೊಗೆ ಕೊಟ್ಟು ಅವನನ್ನು ತಂದರು. ಎರಡನೇ ಪಂದ್ಯದಲ್ಲೇ ಕಾಲಿನ ಮೂಳೆ ಮುರಿಯಿತು.

ಮುರಿದ ಮೂಳೆಯ ಕಥೆ ಚೆನ್ನಾಗಿದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಎರಡು ಮೂರು ವಾರದಲ್ಲಿ ಮೆದುವಾದ ಗಂಟೊಂದು ಎರಡೂ ತುದಿಗಳನ್ನು ಬೆಸೆಯುತ್ತದೆ, ಆರೆಂಟು ವಾರಕ್ಕೆ ಅದು ಗಟ್ಟಿಯಾಗುತ್ತದೆ. ಪೂರ್ತಿ ಮೊದಲಿನ ಆಕಾರಕ್ಕೆ ಬರಲು ತಿಂಗಳುಗಳೇ ಬೇಕು. ವಾಷಿಂಗ್ಟನ್ ಆರು ಪಂದ್ಯ ಕೂತು ಏಳನೆಯದಕ್ಕೆ ಎದ್ದ. 165 ಕೆಜಿ ಹೊರುವ ಕಾಲು ಅದು. ತಂಡ 14 ಪಂದ್ಯ ಗೆದ್ದು, 2004ರ ಫೆಬ್ರವರಿ 1ರಂದು ಹ್ಯೂಸ್ಟನ್‌ನಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಕೂಡ ಗೆದ್ದಿತು. ಕೆಲವೇ ವಾರಗಳಲ್ಲಿ ಅವನು ಓಕ್‌ಲೆಂಡ್ ಪಾಲಾದ. ಅವನ ಜಾಗಕ್ಕೆ ಪೇಟ್ರಿಯಟ್ಸ್ ಯಾರನ್ನು ಕರೆಸಿದರು ಗೊತ್ತೇ? ಷಿಕಾಗೊದಲ್ಲಿ ಅವನ ಪಕ್ಕ ನಿಂತಿದ್ದ ಅದೇ ಟ್ರೇಲರ್. ಜೊತೆಗೆ ಡ್ರಾಫ್ಟ್‌ನಲ್ಲಿ ವಿನ್ಸ್ ವಿಲ್‌ಫೋರ್ಕ್ ಎಂಬ ಹೊಸ ಗುಡ್ಡ.

ಇಷ್ಟು ದೊಡ್ಡ ಮೈಯನ್ನು ಕೆಲಸಕ್ಕೆ ಹಚ್ಚುವುದರ ಕಷ್ಟ ಮೂರು ಕಡೆ ಕಾಣುತ್ತದೆ. ಉಸಿರು ಮೊದಲನೆಯದು, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಐದಾರು ಸೆಕೆಂಡಿನ ಜೋರಿಗೆ ಸ್ನಾಯುವಿನಲ್ಲಿ ಕೂಡಿಟ್ಟ ಫಾಸ್ಫೋಕ್ರಿಯೇಟಿನ್ ಸಾಕು. ಅದು ಅರ್ಧದಷ್ಟು ತುಂಬಿಕೊಳ್ಳಲೇ ಅರ್ಧ ನಿಮಿಷ ಹಿಡಿಯುತ್ತದೆ. ಮುಂದಿನ ಸುತ್ತಿಗೆ ಮೊದಲು ಆಟದ ಗಡಿಯಾರ ಕೊಡುವುದು ಹೆಚ್ಚೆಂದರೆ 40 ಸೆಕೆಂಡ್. ಹಾಗಾಗಿ ದೊಡ್ಡವರನ್ನು ಆಗಾಗ ಹೊರಗೆ ಕರೆದು ಬೇರೆಯವರನ್ನು ಇಳಿಸುತ್ತಾರೆ.

ಎರಡನೆಯದು ಬಿಸಿ. 80 ಕೆಜಿಯ ಮನುಷ್ಯನ ಚರ್ಮ ಬಿಚ್ಚಿ ಹಾಸಿದರೆ ಸುಮಾರು 1.95 ಚದರ ಮೀಟರ್. 165 ಕೆಜಿಯವನದು 2.9ರ ಹತ್ತಿರ. ತೂಕ ಎರಡು ಪಟ್ಟು ಆಯಿತು, ಬೆವರಿ ತಣ್ಣಗಾಗುವ ಚರ್ಮ ಒಂದೂವರೆ ಪಟ್ಟು ಮಾತ್ರ. ದೊಡ್ಡ ಹಂಡೆಯ ನೀರು ಬೇಗ ಆರುವುದಿಲ್ಲ, ಅಲ್ವಾ? ಹಾಗೇ ಇದು. ಅದರ ಮೇಲೆ ಹೆಲ್ಮೆಟ್, ಪ್ಯಾಡ್. 2001ರಲ್ಲಿ ಮಿನೆಸೋಟದ ಮ್ಯಾಂಕೇಟೊ ಊರಿನ ಬೇಸಿಗೆ ಶಿಬಿರದಲ್ಲಿ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ಬಿಸಿಲಲ್ಲಿ ಕುಸಿದು, ಮರುದಿನ, ಆಗಸ್ಟ್ 1ರಂದು, ಸತ್ತ. ಅವನು ಎದುರು ಸಾಲಿನವನು, ತಡೆಯುವ ಲೈನ್‌ಮನ್ (ಮುಂಸಾಲಿನ ಆಟಗಾರನಿಗೆ ಅಲ್ಲಿ ಲೈನ್‌ಮನ್ ಎನ್ನುತ್ತಾರೆ). 152 ಕೆಜಿ, 27 ವರ್ಷ. ಆಸ್ಪತ್ರೆಯಲ್ಲಿ ಅಳೆದ ಮೈಬಿಸಿ 108.8 ಡಿಗ್ರಿ ಫ್ಯಾರನ್‌ಹೀಟ್. ಇಂಥವರನ್ನು ಮೊದಲು ಐಸ್ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಣಿಸಬೇಕು, ಆಮೇಲೆ ಆಂಬುಲೆನ್ಸ್ ಎಂಬ ಮಾತು ಈಗ ಅಲ್ಲಿ ಶಾಲೆಯ ಮೈದಾನಗಳಿಗೂ ತಲುಪಿದೆ.

ಮೂರನೆಯದು ಹೃದಯ. ಉಸಿರು ಬಿಗಿಹಿಡಿದು ಭಾರ ತಳ್ಳುವಾಗ ರಕ್ತದೊತ್ತಡ ಎಲ್ಲಿಗೆ ಏರುತ್ತದೆ ಎಂದು 1980ರ ದಶಕದಲ್ಲಿ ಬಾಡಿಬಿಲ್ಡರ್‌ಗಳ ರಕ್ತನಾಳದೊಳಗೇ ನಳಿಕೆ ಇಟ್ಟು ಅಳೆದರು. ಎರಡೂ ಕಾಲಿನಿಂದ ಭಾರ ಒತ್ತುವಾಗ ಸರಾಸರಿ 320/250. ಓದುವಾಗ ಅಚ್ಚು ತಪ್ಪಿರಬೇಕು ಅನ್ನಿಸಿತ್ತು, ತಪ್ಪಲ್ಲ. ಕ್ಷಣಗಳ ಮಾತು ಅದು, ನಿಜ. ಆದರೆ ಲೈನ್‌ಮನ್ ಇಂಥ ಕ್ಷಣಗಳನ್ನೇ ದಿನವಿಡೀ ಮಾಡುತ್ತಾನೆ, ಜಿಮ್‌ನಲ್ಲೂ ಮೈದಾನದಲ್ಲೂ. ಆ ಒತ್ತಡಕ್ಕೆ ಎದುರು ಪಂಪ್ ಮಾಡುವ ಹೃದಯದ ಗೋಡೆ ದಪ್ಪವಾಗುತ್ತದೆ.

ಇದರ ಲೆಕ್ಕ ಹಿಡಿದವರೂ ಇದ್ದಾರೆ. ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ನಯಾಷ್, 1959ರಿಂದ 1988ರ ನಡುವೆ ಕನಿಷ್ಠ ಐದು ಸೀಸನ್ ಆಡಿದ 3,439 ಆಟಗಾರರ ಸಾವಿನ ದಾಖಲೆ ಕೂಡಿಸಿ 2012ರಲ್ಲಿ ಪ್ರಕಟಿಸಿತು. ಮೊದಲ ಸುದ್ದಿ ಒಳ್ಳೆಯದೇ. ಅದೇ ವಯಸ್ಸಿನ ಸಾಮಾನ್ಯ ಗಂಡಸರ ಲೆಕ್ಕದಲ್ಲಿ 625 ಜನ ಸಾಯಬೇಕಿತ್ತು, ಸತ್ತವರು 334. ಆಟಗಾರರು ಗಟ್ಟಿಮುಟ್ಟು. ಒಂದು ಗುಂಪು ಮಾತ್ರ ಬೇರೆ ದಾರಿ ಹಿಡಿಯಿತು. ಡಿಫೆನ್ಸಿವ್ ಲೈನ್‌ಮನ್‌ಗಳು, ಅಂದರೆ ವಾಷಿಂಗ್ಟನ್ ಥರ ರಕ್ಷಣೆಯ ಮುಂಸಾಲಿನವರು, ಹೃದಯದ ಕಾಯಿಲೆಯಿಂದ ಸಾಯುವ ಸಂಭವ ಸಾಮಾನ್ಯರಿಗಿಂತ 42% ಜಾಸ್ತಿ. ಇಲ್ಲಿ ನನ್ನದೊಂದು ತಕರಾರಿದೆ. ಆಟಗಾರರ ಸಂಘವೇ ಹೇಳುವ ಪ್ರಕಾರ ಒಬ್ಬನ ಸರಾಸರಿ ವೃತ್ತಿ 3.3 ವರ್ಷ. ಎರಡು ವರ್ಷ ಮೂರು ತಂಡ ಸುತ್ತಿ, ಗಾಯಗೊಂಡು, ಮೈಯೆಲ್ಲ ಬೆಳೆಸಿಕೊಂಡು ಮನೆಗೆ ಹೋದವನು ಈ ಪಟ್ಟಿಯೊಳಗೆ ಬರುವುದೇ ಇಲ್ಲ. ಐದು ವರ್ಷ ಉಳಿದವನೇ ಒಂದು ರೀತಿಯಲ್ಲಿ ಅದೃಷ್ಟವಂತ.

ತಲೆಯ ಮಾತು ಬೇರೆ, ಅದನ್ನು ಈ ಮೂರರ ಜೊತೆ ಸೇರಿಸಲು ನನಗೆ ಮನಸ್ಸಾಗಲಿಲ್ಲ. ಒಂದು ಲೆಕ್ಕ ಹಾಕೋಣ. 165 ಕೆಜಿಯ ಮೈ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ, ಅಂದರೆ ಬಿರುಸಾಗಿ ನಡೆಯುವಷ್ಟು ವೇಗದಲ್ಲಿ ಬಂದು, ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ನಿಂತರೆ ಬೀಳುವ ಬಲ 3,300 ನ್ಯೂಟನ್. ಸುಮಾರು 336 ಕೆಜಿಯ ಭಾರ ಹೇರಿದಂತೆ. ಇದರ ಬಹುಪಾಲು ಭುಜ, ಕೈ ಹೊರುತ್ತವೆ, ಒಂದು ಪಾಲು ಹೆಲ್ಮೆಟ್‌ಗೆ. ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆ. ಒಳಗೆ ನೀರಿನಲ್ಲಿ ತೇಲುವ ಮೆತ್ತನೆಯ ಮಿದುಳು ಅಲುಗುವುದನ್ನು ತಡೆಯಲಾರದು. ಓಟಗಾರನಿಗೆ ಬೀಳುವ ದೊಡ್ಡ ಏಟು ಅಪರೂಪ, ಬಿದ್ದಾಗ ಇಡೀ ಕ್ರೀಡಾಂಗಣ ಎದ್ದು ನಿಲ್ಲುತ್ತದೆ. ಲೈನ್‌ಮನ್‌ಗೆ ಸಣ್ಣ ಏಟು, ಆದರೆ ಹೆಚ್ಚುಕಡಿಮೆ ಪ್ರತಿ ಸುತ್ತಿನಲ್ಲೂ. ಅವನಿಗೆ ತಲೆ ಸುತ್ತುವುದಿಲ್ಲ, ಡಾಕ್ಟರ್ ಓಡಿ ಬರುವುದಿಲ್ಲ.

ಬಾಸ್ಟನ್ ವಿಶ್ವವಿದ್ಯಾಲಯದವರು ತೀರಿಹೋಗಿದ್ದ 111 ಎನ್‌ಎಫ್‌ಎಲ್ ಆಟಗಾರರ ಮಿದುಳು ನೋಡಿ, 110ರಲ್ಲಿ ಸಿಟಿಇ ಎಂಬ, ತಲೆಗೆ ಮತ್ತೆ ಮತ್ತೆ ಏಟು ಬಿದ್ದು ಬರುವ ಮಿದುಳಿನ ಕಾಯಿಲೆ ಕಂಡಿದ್ದಾಗಿ 2017ರಲ್ಲಿ ಪ್ರಕಟಿಸಿದರು. ಇದನ್ನು ಎಲ್ಲರಿಗೂ ಅನ್ವಯಿಸುವ ಹಾಗಿಲ್ಲ, ಏನೋ ತೊಂದರೆ ಇದೆ ಅನ್ನಿಸಿದ ಮನೆಯವರೇ ಹೆಚ್ಚಾಗಿ ಮಿದುಳನ್ನು ದಾನ ಕೊಟ್ಟಿರುತ್ತಾರೆ. ನನಗೆ ಹೆಚ್ಚು ಕಾಡಿದ್ದು 2023ರ ಅಧ್ಯಯನ. 631 ಮಿದುಳುಗಳು, ಜೊತೆಗೆ ಯಾವ ಜಾಗದಲ್ಲಿ ಆಡುವವನಿಗೆ ಎಷ್ಟು ಏಟು, ಎಷ್ಟು ಜೋರು ಎಂದು ಹೆಲ್ಮೆಟ್‌ನ ಸೆನ್ಸರ್‌ಗಳು ಹೇಳಿದ ಲೆಕ್ಕ. ಎಷ್ಟು ಸಲ ಡಾಕ್ಟರ್ ಕನ್ಕಷನ್ (ಏಟಿನಿಂದ ಮಿದುಳಿಗೆ ಆಘಾತ) ಎಂದು ಬರೆದಿದ್ದಾರೆ ಎಂಬುದು ಕಾಯಿಲೆಯ ಸುಳಿವು ಕೊಡಲಿಲ್ಲ. ಆಟದ ಜೀವನದುದ್ದಕ್ಕೂ ತಲೆಗೆ ಬಿದ್ದ ಬಲದ ಒಟ್ಟು ಮೊತ್ತ ಕೊಟ್ಟಿತು. ಯಾರೂ ಎಣಿಸದ ಸಣ್ಣ ಏಟುಗಳನ್ನು ಮಿದುಳು ಎಣಿಸುತ್ತಾ ಬಂದಿತ್ತು.

ವಾಷಿಂಗ್ಟನ್‌ನ ಕೊನೆಯ ಊರು ಕ್ಲೀವ್‌ಲೆಂಡ್. ಸೂಪರ್ ಬೌಲ್ ಗೆದ್ದ ವರ್ಷ ಪೇಟ್ರಿಯಟ್ಸ್ ರಕ್ಷಣೆಯ ಹೊಣೆ ಹೊತ್ತಿದ್ದ ರೋಮಿಯೊ ಕ್ರೆನೆಲ್ ಅಲ್ಲಿ ಮುಖ್ಯ ಕೋಚ್ ಆಗಿದ್ದರು. 2006ರಲ್ಲಿ ಹಳೆಯ ಗುಡ್ಡವನ್ನು ಮತ್ತೆ ಕರೆಸಿಕೊಂಡರು. ಎರಡು ಸೀಸನ್ ಆಡಿ, 39ನೇ ವಯಸ್ಸಿನಲ್ಲಿ ಅವನು ನಿಲ್ಲಿಸಿದ. ಅವನ ಅಪ್ಪನೂ ಎನ್‌ಎಫ್‌ಎಲ್ ಆಟಗಾರ, ಹೆಸರೂ ಟೆಡ್ ವಾಷಿಂಗ್ಟನ್. 1973ರಿಂದ 1982ರವರೆಗೆ ಹ್ಯೂಸ್ಟನ್ ಆಯ್ಲರ್ಸ್ ಬಿಟ್ಟು ಬೇರೆ ತಂಡದ ಜೆರ್ಸಿ ತೊಡಲಿಲ್ಲ. ಅಪ್ಪ ಲೈನ್‌ಬ್ಯಾಕರ್. ಮಗ 17 ವರ್ಷ ಯಾರಿಗೆ ದಾರಿ ಬಿಡಿಸಲು ಇಬ್ಬಿಬ್ಬರ ಭಾರ ಹೊತ್ತನೋ, ಅದೇ ಜಾಗ, ನಾಲ್ಕೈದು ಗಜ ಹಿಂದೆ.