ವಾಕ್ಯದ ಕೊನೆಯಲ್ಲಿ ಕಳೆದುಹೋಗುವ ‘ಇಲ್ಲ’

ಈ ವಾಕ್ಯವನ್ನು ಒಮ್ಮೆ ಜೋರಾಗಿ ಓದಿ ನೋಡಿ: ‘ಅಷ್ಟು ದೂರ ನಡೆದು, ಹೊಳೆ ದಾಟಿ, ನಡುರಾತ್ರಿ ಮನೆ ಬಾಗಿಲಿಗೆ ಬಂದವನು ಅಮ್ಮನನ್ನು ಎಬ್ಬಿಸಲಿಲ್ಲ.’

ಇಡೀ ಕತೆ ಇರುವುದು ಆ ಕೊನೆಯ ‘ಲಿಲ್ಲ’ದಲ್ಲಿ. ಅದು ಕಿವಿಗೆ ಬೀಳದಿದ್ದರೆ ಅವನು ಅಮ್ಮನನ್ನು ಎಬ್ಬಿಸಿದ ಅಂತಲೇ ಅಂದುಕೊಳ್ಳುತ್ತೇವೆ. ಮುಂದಿನದ್ದೆಲ್ಲ ಗೊಂದಲ.

ನನಗೆ ಈ ಗೊಂದಲ ಆಗಿದ್ದು ಒಂದು ಆಡಿಯೋ ಬುಕ್ ಕೇಳುವಾಗ. ಓದುತ್ತಿದ್ದವರ ದನಿ ಚೆನ್ನಾಗಿತ್ತು. ಆದರೆ ಹಿಂದೆ ಕೊಳಲೊಂದು ಬಿಡುವಿಲ್ಲದೆ ನುಡಿಯುತ್ತಿತ್ತು. ದುಃಖದ ಸನ್ನಿವೇಶ ಬಂದಾಗಲೆಲ್ಲ ಸ್ವಲ್ಪ ಜೋರಾಗುತ್ತಿತ್ತು. ನಾಯಕಿ ಮನೆಗೆ ವಾಪಸ್ ಬಂದಳಾ, ಬರಲಿಲ್ವಾ ಅಂತ ತಿಳಿಯಲು ಮೂರು ಸಲ ಹಿಂದಕ್ಕೆ ಹೋಗಿ ಕೇಳಿದೆ. ಕೊನೆಗೆ ಪುಸ್ತಕವನ್ನೇ ಕೈಬಿಟ್ಟೆ. ಒಳ್ಳೆಯ ಕಾದಂಬರಿ ಅದು. ಈಗಲೂ ಬೇಜಾರಾಗುತ್ತದೆ.

ಇದರ ಹಿಂದೆ ಉಸಿರಿನ ಲೆಕ್ಕ ಇದೆ. ಮಾತು ಶುರುವಾಗುವಾಗ ಎದೆಯಲ್ಲಿ ಗಾಳಿ ತುಂಬಿರುತ್ತದೆ. ವಾಕ್ಯ ಮುಂದುವರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಅದರ ಜೊತೆಗೇ ದನಿಯ ಶ್ರುತಿಯೂ ಇಳಿಯುತ್ತದೆ, ಜೋರೂ ಇಳಿಯುತ್ತದೆ. ಜಗತ್ತಿನ ಬಹಳಷ್ಟು ಭಾಷೆಗಳಲ್ಲಿ ಹೀಗೇ. ವಾಕ್ಯ ಮುಗಿಯಿತು ಅಂತ ಕೇಳುವವರಿಗೆ ಗೊತ್ತಾಗಲು ಈ ಇಳಿತವೂ ಒಂದು ಸುಳಿವು.

ಇಂಗ್ಲಿಷಿನಲ್ಲಿ ‘ಇಲ್ಲ’ ಅನ್ನುವ ಮಾತು ಸಾಮಾನ್ಯವಾಗಿ ಕ್ರಿಯಾಪದಕ್ಕೆ ಮೊದಲೇ ಬಂದುಬಿಡುತ್ತದೆ. ಕನ್ನಡದಲ್ಲಿ ಮುಖ್ಯವಾದ ಸುದ್ದಿಯೆಲ್ಲ ಕೊನೆಗೆ. ಬಂದ, ಬಂದಳು, ಬಂದಾನು, ಬರಲಿಲ್ಲ. ಗಂಡೋ ಹೆಣ್ಣೋ, ಆಯಿತೋ ಆಗಬಹುದೋ ಆಗಲೇ ಇಲ್ಲವೋ, ಎಲ್ಲವೂ ಆ ಒಂದೆರಡು ಅಕ್ಷರಗಳಲ್ಲಿ. ದನಿ ಸೋತಿರುವ ಜಾಗದಲ್ಲೇ ಅರ್ಥದ ಭಾರ ಜಾಸ್ತಿ. ಅಲ್ಲೇ ಕೊಳಲು ಏರಿದರೆ ಕತೆ ತಲೆಕೆಳಗಾಗುತ್ತದೆ. ಹಾಗಾಗಿ ಬೇರೆ ಭಾಷೆಯ ಆಡಿಯೋ ಬುಕ್‌ಗಳಲ್ಲಿ ಸಂಗೀತ ಕೂಡಿಸುವ ರೀತಿಯನ್ನು ಇಲ್ಲಿಗೆ ಹಾಗೇ ತಂದರೆ ಸಾಲದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಸಂಗೀತ ಮಾತನ್ನು ಎರಡು ಕಡೆ ಕೆಡಿಸುತ್ತದೆ. ಮೊದಲನೆಯದು ಕಿವಿಯೊಳಗೆ. ಒಂದೇ ಹೊತ್ತಿಗೆ ಹತ್ತಿರ ಹತ್ತಿರದ ಕಂಪನಾಂಕದ, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಅಷ್ಟೇ ಸಲ ಕಂಪಿಸುವ, ಎರಡು ಸದ್ದು ಬಂದರೆ ಜೋರಾದದ್ದು ಮೆಲ್ಲಗಿನದನ್ನು ಮುಚ್ಚಿಹಾಕುತ್ತದೆ. ಹಳೆಯ ಟೆಲಿಫೋನ್ ದಾಟಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್ ವರೆಗಿನ ಸದ್ದನ್ನು ಮಾತ್ರ. ಮಾತು ಅರ್ಥವಾಗಲು ಅಷ್ಟು ಸಾಕಾಗುತ್ತಿತ್ತು. ಕೊಳಲು, ಪಿಟೀಲು ಓಡಾಡುವುದೂ ಇದೇ ಬೀದಿಯಲ್ಲಿ. ಅಲ್ಲಿ ಮಾತಿನ ಅ, ಇ, ಉ ಗಳಂಥ ಸ್ವರಗಳು ಹೇಗೋ ಉಳಿದುಕೊಳ್ಳುತ್ತವೆ, ಅವು ಜೋರಾಗಿರುತ್ತವೆ. ಪೆಟ್ಟು ಬೀಳುವುದು ಮೆಲ್ಲಗಿನ ವ್ಯಂಜನಗಳಿಗೆ. ‘ಹಲ್ಲಿ’ ಮತ್ತು ‘ಹಳ್ಳಿ’ಗೆ ಇರುವ ವ್ಯತ್ಯಾಸ ಎಷ್ಟು ತೆಳು, ಅಲ್ವಾ? ವಯಸ್ಸಾದಂತೆ ಮೊದಲು ಮಂಕಾಗುವುದು ಎತ್ತರದ ಕಂಪನಾಂಕಗಳೇ, ಅಂದರೆ ಸ, ಶ ಗಳಂಥ ಅಕ್ಷರಗಳು ಬದುಕುವ ಜಾಗ. ಕಣ್ಣು ಸೋತು ಆಡಿಯೋ ಬುಕ್‌ಗೆ ಬಂದ ಹಿರಿಯರಿಗೆ ಹಿನ್ನೆಲೆ ಸಂಗೀತ ಎರಡನೇ ಅಡ್ಡಿ.

ಎರಡನೆಯದು ಮಿದುಳಿನೊಳಗೆ. ಕೇಳಿದ ಮಾತನ್ನು ನಾವು ಒಂದೆರಡು ಸೆಕೆಂಡು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಿರುತ್ತೇವೆ. ವಾಕ್ಯದ ತಲೆ ಬಾಲ ಜೋಡಿಸುವುದು ಅಲ್ಲೇ. ಮನಶ್ಶಾಸ್ತ್ರಜ್ಞರಾದ ಸಲಾಮೆ ಮತ್ತು ಅಲನ್ ಬ್ಯಾಡ್‌ಲಿ 1980ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಜನರಿಗೆ ಅಂಕಿಗಳನ್ನು ತೋರಿಸಿ, ಅದೇ ಕ್ರಮದಲ್ಲಿ ನೆನಪಿಟ್ಟುಕೊಳ್ಳಲು ಹೇಳಿದರು. ಹಿನ್ನೆಲೆಯಲ್ಲಿ ಬರೀ ವಾದ್ಯ ಇದ್ದಾಗಿನದಕ್ಕಿಂತ ಹಾಡು ಇದ್ದಾಗ ತಪ್ಪುಗಳು ಜಾಸ್ತಿಯಾದವು. ಅಂಕಿಗಳು ಕಣ್ಣಿಗೆ ಕಂಡವು, ಹಾಡು ಕಿವಿಗೆ ಬಿತ್ತು. ಆದರೂ ಹಾಡಿನ ಮಾತು ಒಳಗೆ ನುಗ್ಗಿ ಜಾಗ ಹಿಡಿಯಿತು. ಆಡಿಯೋ ಬುಕ್‌ನ ಹಿಂದೆ ಹಾಡು ಹಾಕುವವರು ಇದನ್ನು ನೆನಪಿಡಬೇಕು.

ಪುಸ್ತಕ ಕೈಯಲ್ಲಿದ್ದಾಗ ಕಣ್ಣು ತಾನಾಗಿಯೇ ಹಿಂದಕ್ಕೆ ಜಿಗಿಯುತ್ತದೆ. ಓದುವಾಗಿನ ಕಣ್ಣಿನ ನೂರು ಜಿಗಿತಗಳಲ್ಲಿ ಹತ್ತು ಹದಿನೈದು ಹಿಂದಕ್ಕೇ ಇರುತ್ತವೆ. ನಮಗೆ ಅದರ ಅರಿವೂ ಇರುವುದಿಲ್ಲ. ಕಿವಿಗೆ ಆ ಸವಲತ್ತಿಲ್ಲ. ಅದರ ಬದಲು ಓದುವವರೇ ದಾರಿ ತೋರಿಸಬೇಕು. ‘ಹಳೆಯ ಮನೆಯ ಬಾಗಿಲು’ ಅನ್ನಿ. ಹಳೆಯದು ಮನೆಯೋ, ಬಾಗಿಲೋ? ‘ಹಳೆಯ’ ಆದ ಮೇಲೆ ಕೂದಲೆಳೆಯಷ್ಟು ನಿಂತರೆ ಬಾಗಿಲು ಹಳೆಯದಾಗುತ್ತದೆ. ನಿಲ್ಲದೆ ‘ಹಳೆಯ ಮನೆಯ’ ಅಂತ ಒಟ್ಟಿಗೆ ಹೇಳಿದರೆ ಮನೆ ಹಳೆಯದಾಗುತ್ತದೆ. ಅಚ್ಚಿನಲ್ಲಿ ಇಲ್ಲದ ವ್ಯಾಕರಣ ಇದು, ಬರೀ ದನಿಯಲ್ಲಿ ಇರುವಂಥದ್ದು. ಮುಂದಿನ ಸಾಲಿನಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಓದುವವರು ಇಂಥ ಕಡೆ ಎಡವುತ್ತಾರೆ. ಅವರು ತಪ್ಪು ಜಾಗದಲ್ಲಿ ನಿಂತರೆ ಕೇಳುವವರ ಗಮನ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಷ್ಟರಲ್ಲಿ ಕತೆ ಎರಡು ವಾಕ್ಯ ಮುಂದೆ ಹೋಗಿರುತ್ತದೆ.

2010ರಲ್ಲಿ ನರವಿಜ್ಞಾನಿ ಉರಿ ಹ್ಯಾಸನ್ ಮತ್ತು ಸಂಗಡಿಗರು ಒಬ್ಬರು ಕತೆ ಹೇಳುವಾಗ ಅವರ ಮಿದುಳಿನ ಚಟುವಟಿಕೆಯನ್ನು ಸ್ಕ್ಯಾನರ್‌ನಲ್ಲಿ ದಾಖಲಿಸಿದರು. ಆಮೇಲೆ ಅದೇ ಕತೆ ಕೇಳುವವರ ಮಿದುಳನ್ನೂ ನೋಡಿದರು. ಕೇಳುವವರ ಮಿದುಳು ಬಹುಪಾಲು ಹೇಳುವವರ ಮಿದುಳಿನ ಹಾದಿಯನ್ನೇ ಸ್ವಲ್ಪ ತಡವಾಗಿ ಹಿಡಿದಿತ್ತು. ಆದರೆ ಕೆಲವು ಭಾಗಗಳು ಹೇಳುವವರಿಗಿಂತ ಮುಂದೆಯೇ ಓಡುತ್ತಿದ್ದವು! ಮುಂದೇನು ಅಂತ ಊಹಿಸುತ್ತಿದ್ದವು. ಹೀಗೆ ಊಹಿಸಿದಷ್ಟೂ ಕತೆ ಚೆನ್ನಾಗಿ ಅರ್ಥವಾಗಿತ್ತು. ಗೊತ್ತಿಲ್ಲದ ಭಾಷೆಯಲ್ಲಿ ಕತೆ ಕೇಳಿಸಿದಾಗ ಈ ಜೋಡಿ ಓಟ ಇರಲಿಲ್ಲ. ಒಳ್ಳೆಯ ಓದು ಈ ಊಹೆಗೆ ಸುಳಿವು ಕೊಡುತ್ತದೆ ಅಂತ ನನಗನ್ನಿಸುತ್ತದೆ. ಪ್ರತಿ ಪಾತ್ರಕ್ಕೂ ಬೇರೆ ಗಂಟಲು, ಪ್ರತಿ ಅಳುವಿಗೂ ನಡುಗುವ ದನಿ ಬೇಕಿಲ್ಲ. ಮುದುಕನ ಮಾತು ಒಂಚೂರು ನಿಧಾನ, ಹುಡುಗಿಯ ಮಾತು ಒಂಚೂರು ಚುರುಕು, ಅಷ್ಟು ಸಾಕು.

ಭಾವನೆಯ ವಿಷಯದಲ್ಲೂ ಸಂಗೀತಕ್ಕೆ ಭಾರಿ ಶಕ್ತಿ ಇದೆ. ಮನಶ್ಶಾಸ್ತ್ರಜ್ಞೆ ಮ್ಯಾರಿಲಿನ್ ಬೋಲ್ಟ್ಜ್ 2001ರಲ್ಲಿ ಒಂದೇ ಚಲನಚಿತ್ರದ ತುಣುಕಿಗೆ ಬೇರೆ ಬೇರೆ ಸಂಗೀತ ಜೋಡಿಸಿ ತೋರಿಸಿದರು. ಸಂಗೀತ ಬದಲಾದಂತೆ ಪಾತ್ರ ಎಂಥದ್ದು, ಮುಂದೆ ಏನು ಮಾಡುತ್ತದೆ ಅನ್ನುವ ನೋಡುಗರ ಅನಿಸಿಕೆಯೂ ಬದಲಾಯಿತು. ಒಬ್ಬ ವ್ಯಕ್ತಿ ಒಳ್ಳೆಯವನೋ ಕೆಟ್ಟವನೋ ಅಂತ ಲೇಖಕಿ ಇನ್ನೂರು ಪುಟ ಬಚ್ಚಿಟ್ಟಿರುತ್ತಾಳೆ. ಒಂದು ಭಯದ ರಾಗ ಅದನ್ನು ಮೊದಲ ಭೇಟಿಯಲ್ಲೇ ಬಯಲು ಮಾಡುತ್ತದೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಸಂಗೀತ ಬೇಡವೇ ಬೇಡ ಅಂತಲ್ಲ. ಆರಂಭದಲ್ಲಿ, ಅಧ್ಯಾಯಗಳ ನಡುವೆ, ಹತ್ತು ವರ್ಷ ಕಳೆದುಹೋದ ಜಾಗದಲ್ಲಿ ಅದು ಸೊಗಸು. ಅಲ್ಲಿ ಅದು ಮಾತಿನ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ಕೇಳುವವರ ಮನಸ್ಸಿಗೂ ಉಸಿರಾಡಲು ಬಿಡುವು ಸಿಗುತ್ತದೆ. ಮಾತಿನ ಕೆಳಗೇ ಇರಲೇಬೇಕು ಅಂದರೆ ಅದಕ್ಕೂ ಒಂದು ಅಳತೆ ಇದೆ. ಅಂತರ್ಜಾಲವನ್ನು ಎಲ್ಲರೂ ಬಳಸುವಂತಾಗಲು ಡಬ್ಲ್ಯು3ಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಮಾಡಿರುವ ಮಾರ್ಗಸೂಚಿಯಲ್ಲಿ ಹಿನ್ನೆಲೆ ಸದ್ದು ಮಾತಿಗಿಂತ ಕನಿಷ್ಠ 20 ಡೆಸಿಬೆಲ್ ಕಡಿಮೆ ಇರಬೇಕು ಎಂದಿದೆ. ಅಂದರೆ ಕಿವಿಗೆ ಸುಮಾರು ನಾಲ್ಕರಲ್ಲಿ ಒಂದು ಪಾಲು. ಯಾವಾಗಲೋ ಒಮ್ಮೆ ಒಂದೆರಡು ಸೆಕೆಂಡು ಬಂದುಹೋಗುವ ಸದ್ದಿಗೆ ಮಾತ್ರ ವಿನಾಯಿತಿ. ಬಾಗಿಲು ತಟ್ಟುವ ಸದ್ದಿಗೆ ಇದು ಸಿಗುತ್ತದೆ, ನಿಲ್ಲದ ಕೊಳಲಿಗಲ್ಲ. ಕನ್ನಡಕ್ಕಾದರೆ ಈ 20 ಡೆಸಿಬೆಲ್ ಅಂತರವನ್ನು ವಾಕ್ಯದ ಕೊನೆಯ ಅಕ್ಷರಗಳ ಹತ್ತಿರ ಅಳೆಯಬೇಕು.

ಇನ್ನೊಂದು ಮಾತು. ಅನೇಕರು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುತ್ತಾರೆ. ಮಾತು ಆ ವೇಗವನ್ನು ತಡೆದುಕೊಳ್ಳುತ್ತದೆ. ನಿಧಾನದ ರಾಗ ತಡೆದುಕೊಳ್ಳುವುದಿಲ್ಲ.

ರೆಕಾರ್ಡಿಂಗ್ ಮಾಡುವವರಿಗೆ ಒಂದು ಅಭ್ಯಾಸ ಇದೆ. ಓದು ಮುಗಿದ ಮೇಲೆ ಎಲ್ಲರಿಗೂ ಸುಮ್ನೆ ಇರಲು ಹೇಳಿ, ಮೈಕ್ ಮುಂದೆ ಯಾರೂ ಮಾತಾಡದ ಅರ್ಧ ನಿಮಿಷವನ್ನು ದಾಖಲಿಸಿಕೊಳ್ಳುತ್ತಾರೆ. ಖಾಲಿ ಕೋಣೆಗೂ ತನ್ನದೇ ಒಂದು ಮೆಲ್ಲಗಿನ ಸದ್ದು ಇರುತ್ತದೆ. ಎಡಿಟಿಂಗ್ ಮಾಡುವಾಗ ವಾಕ್ಯಗಳ ನಡುವೆ ತುಂಬುವುದು ಇದನ್ನೇ. ಅಲ್ಲಿ ಪೂರ್ತಿ ಸೊನ್ನೆ ಇಟ್ಟರೆ ಕೇಳುವವರು ಫೋನ್ ಕೆಟ್ಟಿತೇನೋ ಅಂತ ತೆಗೆದು ನೋಡುತ್ತಾರೆ. ‘ಎಬ್ಬಿಸಲಿಲ್ಲ’ ಆದ ಮೇಲೆ ಅಂಥ ಖಾಲಿ ಕೋಣೆಯ ಎರಡು ಸೆಕೆಂಡು ಇಟ್ಟು ಕೇಳಿ ನೋಡಿ. ಅಮ್ಮ ಒಳಗೆ ಮಲಗಿದ್ದಾಳೆ, ಮಗ ಬಾಗಿಲಲ್ಲಿ ನಿಂತಿದ್ದಾನೆ. ಕೊಳಲು ಬೇಕಿದ್ದರೆ ಆಮೇಲೆ ಬರಲಿ.